ಕರ್ಜಿಕಾಯಿ ನಾಲಿಗೆ

ಪೇಸ್ಟಿನ ಜೊತೆ ಬಿಟ್ಟಿಯಾಗಿ ಬಂದ ನಾಲಿಗೆ ಕೆರೆಯುವ ಪಟ್ಟಿಯೊಂದು ಇಷ್ಟೆಲ್ಲ ರಾದ್ಧಾಂತ ಮಾಡೀತೆಂದು ಆವುಲಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ನಲವತ್ತೇಳು ವರ್ಷ ಅವನು ತನ್ನ ನಾಲಿಗೆಯನ್ನು ಉಣ್ಣುವುದಕ್ಕೂ ಮಾತಾಡುವುದಕ್ಕೂ ಬಳಸಿಕೊಂಡಿದ್ದನೇ ಹೊರತು ಒಮ್ಮೆಯೂ ಅದರ ಮುಖ ನೋಡಿದವನಲ್ಲ. ಆ ಸೋಮವಾರ ಬೆಳಿಗ್ಗೆ, ಬಿಟ್ಟಿ ಬಂದದ್ದನ್ನು ಬಿಡುವುದೇಕೆಂದು ಪಟ್ಟಿ ಹಿಡಿದು ಕನ್ನಡಿಯ ಮುಂದೆ ನಿಂತು ‘ಆ’ ಎಂದ. ಹಾಗೇ ನಿಂತುಬಿಟ್ಟ.

ನಾಲಿಗೆ ಬಾಯ್ತುಂಬ ಊದಿಕೊಂಡಿತ್ತು. ಎರಡೂ ಅಂಚಿನಲ್ಲಿ ಸಾಲಾಗಿ ಹಲ್ಲಿನ ಗುರುತುಗಳು. ಯಾರೋ ಕೂತು, ಬೆರಳಿನಿಂದ ಒತ್ತಿ ಒತ್ತಿ ಕರ್ಜಿಕಾಯಿಗೆ ಅಂಚು ಕಟ್ಟಿದ ಹಾಗಿತ್ತು.

“ಕಲ್ಯಾಣೀ!”

ಹೆಂಡತಿ ಸೌಟು ಹಿಡಿದೇ ಬಂದಳು. “ಏನ್ರೀ, ಹಾವು ಬಂತಾ?”

“ನಾಲಿಗೆ ನೋಡೇ!”

ಕಲ್ಯಾಣಿ ನೋಡಿದಳು. “ನಾಲಿಗೆನೇ ಇದೆ. ಇನ್ನೇನಿರ್ಬೇಕಿತ್ತು ಅಲ್ಲಿ?” ಎಂದು ಸಾರು ಉಕ್ಕುವ ಸದ್ದಿಗೆ ಒಳಗೆ ಹೋದಳು.

ಹೆಂಡತಿಗೆ ತಿಳಿಯದಿದ್ದರೇನು, ಮೊಬೈಲಿಗೆ ತಿಳಿದಿತ್ತು. ನಾಲಿಗೆ ಊದಿ ಅಂಚು ಕಟ್ಟಿದ್ದರೆ ಅದು ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಇರಬಹುದು ಎಂದು ಅದು ಹೇಳಿತು. ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಡತ ತಿರುವಿದ ಆವುಲಪ್ಪನಿಗೆ ‘ಪರಿಶೀಲಿಸಬಹುದು’ ಎಂದರೆ ಏನೂ ಆಗುವುದಿಲ್ಲ ಎಂದರ್ಥವೆಂಬುದು ಚೆನ್ನಾಗಿ ಗೊತ್ತು. ಆದರೆ ಈ ‘ಇರಬಹುದು’ ಮಾತ್ರ ಅವನಿಗೆ ಮೊಹರು ಬಿದ್ದ ಆದೇಶದಂತೆ ಕಂಡಿತು. ಕೆಳಗೆ ಉಳಿದ ಲಕ್ಷಣಗಳ ಪಟ್ಟಿಯಿತ್ತು. ಆಯಾಸ, ಮಂಪರು, ಮರೆವು, ಚಳಿ, ಕೂದಲು ಉದುರುವುದು. ಓದುತ್ತಾ ಓದುತ್ತಾ ಒಂದೊಂದೂ ತನಗಿರುವುದು ಅವನಿಗೆ ಖಚಿತವಾಯಿತು.

“ನೋಡೇ, ಕೂದ್ಲು ಉದುರುತ್ತಂತೆ!”

“ನಿಮ್ದು ನಮ್ಮ ಮದುವೆ ಹೊತ್ತಿಗೇ ಉದುರಿತ್ತು.”

“ಆಯಾಸ ಅಂತೆ!”

“ಆಯಾಸ ಯಾರಿಗಿಲ್ಲ ಹೇಳಿ,” ಎಂದು ಕಲ್ಯಾಣಿ ಹೊಸ್ತಿಲ ಮೇಲೆ ಕೂತಳು.

ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲಿ ಅಮ್ಮಾಜಮ್ಮ ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಓಣಿಯಲ್ಲಿ ಯಾರಿಗೆ ಸೀನು ಬಂದರೂ ಮೊದಲು ಹಾಜರಾಗುವವಳು ಅವಳೇ. ಸೆರಗು ಸಿಕ್ಕಿಸಿಕೊಂಡು ಬಂದು, ಆವುಲಪ್ಪನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ನಮ್ಮತ್ತೆ ತಂಗಿಗೂ ಹಿಂಗೇ ಆಗಿತ್ತಪ್ಪಾ.”

“ಈಗ ಹೆಂಗಿದ್ದಾರೆ?”

ಅಮ್ಮಾಜಮ್ಮ ಒಂದು ಸಲ ಆಕಾಶ ನೋಡಿದಳು. “ಅದ್ಯಾಕೀಗ, ಬಿಡಪ್ಪ.”

ಆವುಲಪ್ಪ ಮತ್ತೆ ಕನ್ನಡಿಯ ಹತ್ತಿರ ಹೋದ. ಅಷ್ಟರಲ್ಲಿ ದಿನಾ ಅವನನ್ನು ಬೈಕಿನಲ್ಲಿ ಕಚೇರಿಗೆ ಕರೆದೊಯ್ಯುವ ಸಹೋದ್ಯೋಗಿ ಮೋಹನ್‌ಬಾಬು ಬಂದ. ವಿಷಯ ಕೇಳಿ ಹೆಲ್ಮೆಟ್ ತೆಗೆದ.

“ಭಯ ಪಡಬೇಡಿ ಸಾರ್. ಕತ್ತು ಸ್ವಲ್ಪ ಕುಯ್ತಾರೆ, ಅಷ್ಟೇ. ಕುಯ್ದಾಗ ಕೆಲವರಿಗೆ ವಾಯ್ಸ್ ಹೋಗುತ್ತೆ. ನಮ್ಮ ಆಫೀಸಲ್ಲಿ ವಾಯ್ಸ್ ಇಟ್ಕೊಂಡು ಮಾಡೋದಾದ್ರೂ ಏನಿದೆ?”

ಹೀಗೆ ಧೈರ್ಯ ಹೇಳಿ, ರಜೆ ಚೀಟಿ ಜೇಬಿಗಿಟ್ಟುಕೊಂಡು ಹೊರಟ. ಹತ್ತೂವರೆಗೆಲ್ಲ ಕಚೇರಿಯವರೆಲ್ಲ ಆವುಲಪ್ಪನ ಕತ್ತನ್ನು ಮಾತಿನಲ್ಲೇ ಎರಡು ಸಲ ಕುಯ್ದು ಹೊಲಿದಿದ್ದರು.

ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಸೂಜಿ ಹೊರಗೆ ಬರುವ ಮುಂಚೆಯೇ ಸುದ್ದಿ ಹೊರಗೆ ಹೋಗುತ್ತದೆಂದು ಆವುಲಪ್ಪ ಹೆಂಡತಿಯನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗುವುದೆಂದು ಗುಟ್ಟಾಗಿ ತೀರ್ಮಾನಿಸಿದ. ಗುಟ್ಟು ಬಸ್‌ಸ್ಟ್ಯಾಂಡಿನವರೆಗೆ ಉಳಿಯಿತು. ಕಳಿಸಲು ಬಂದಿದ್ದ ಅಮ್ಮಾಜಮ್ಮ ಬಸ್ಸು ಹೊರಡುವಾಗ ಕಿಟಕಿಯ ಹೊರಗಿನಿಂದ ಕೂಗಿದಳು. “ಕಂಡಕ್ಟರಪ್ಪಾ, ಪೇಷಂಟು! ನಾಲಿಗೆ ಊದಿದೆ, ಬ್ರೇಕು ನೋಡ್ಕೊಂಡು ಹಾಕ್ಸು!”

ಇಡೀ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನಲ್ಲಿದ್ದ ಕಳವಾರದ ಮುದುಕರೊಬ್ಬರು ಕನ್ನಡಕ ಏರಿಸಿ, “ಎಲ್ಲಿ ತೋರ್ಸಪ್ಪಾ,” ಎಂದರು. ತೋರಿಸಿದ. “ಉಷ್ಣ ಕಣಯ್ಯಾ,” ಎಂದರು. ಪಕ್ಕದ ಹೆಂಗಸು, “ಉಷ್ಣ ಅಲ್ಲ, ದೃಷ್ಟಿ. ಮುರುಗಮಲ್ಲದ ದರ್ಗಾಕ್ಕೆ ಹೋಗ್ಬಿಟ್ಟು ಬನ್ನಿ, ನಮ್ಮ ಮೈದುನಂಗೆ ಅಲ್ಲೇ ಸರಿಹೋಯ್ತು,” ಎಂದಳು. ಮೈದುನನಿಗೆ ಏನಾಗಿತ್ತೆಂದು ಕೇಳಿದರೆ ಕಾಲು ಮುರಿದಿತ್ತಂತೆ. ಚಿಕ್ಕಬಳ್ಳಾಪುರ ತಲುಪುವ ಹೊತ್ತಿಗೆ ಹನ್ನೊಂದು ಜನ ಆವುಲಪ್ಪನ ನಾಲಿಗೆ ನೋಡಿದ್ದರು, ನಾಲ್ಕು ಜನ ತಮ್ಮದನ್ನೂ ತೋರಿಸಿದ್ದರು.

ಇಷ್ಟೆಲ್ಲ ನಡೆಯುವಾಗ ಕಲ್ಯಾಣಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಆವುಲಪ್ಪ ಅವಳ ಭುಜ ಅಲುಗಿಸಿದ.

“ಗಂಡನ ಪ್ರಾಣ ಹೋಗ್ತಾ ಇದ್ರೆ ನಿಂಗೆ ನಿದ್ದೆ ಹೆಂಗೇ ಬರುತ್ತೆ?”

“ಗೊತ್ತಾಗ್ಲಿಲ್ಲ ಕಣ್ರೀ, ಬಂದ್ಬಿಡ್ತು,” ಎಂದು ಅವಳು ಕಣ್ಣುಜ್ಜಿಕೊಂಡಳು.

ಲ್ಯಾಬಿನಲ್ಲಿದ್ದ ಹುಡುಗಿಯ ಹೆಸರು ಸೌಜನ್ಯ ಎಂದು ಅವಳ ಕೋಟಿನ ಮೇಲೆ ಬರೆದಿತ್ತು. ಇಬ್ಬರ ಹೆಸರು, ವಯಸ್ಸು, ಆವುಲಪ್ಪನ ಮೊಬೈಲು ನಂಬರು ಬರೆದುಕೊಂಡು, “ಚಾಚಿ ಸಾರ್,” ಎಂದಳು. ಆವುಲಪ್ಪ ನಾಲಿಗೆ ಚಾಚಿದ.

“ಕೈ ಸಾರ್, ಕೈ.”

ಸೂಜಿ ಕಂಡದ್ದೇ ಅವನ ಕೈ ಆಮೆಯ ತಲೆಯಂತೆ ಅಂಗಿಯ ತೋಳಿನೊಳಗೆ ಹೋಯಿತು. “ಅಮ್ಮಾ, ಮೊದ್ಲು ಇವಳಿಗೆ ಚುಚ್ಚಿ. ಎಷ್ಟು ನೋವಾಗುತ್ತೆ ನೋಡ್ಕೊತೀನಿ.”

“ನಂಗ್ಯಾಕ್ರೀ?” ಎಂದಳು ಕಲ್ಯಾಣಿ.

“ಗಂಡನಿಗೋಸ್ಕರ ಒಂದು ಚೂರು ರಕ್ತ ಕೊಡಕ್ಕಾಗಲ್ವಾ?”

ಕಲ್ಯಾಣಿ ಕೈ ಚಾಚಿದಳು. ಅವಳು ‘ಹಾ’ ಎನ್ನಲಿಲ್ಲವೆಂಬುದನ್ನು ಖಚಿತಪಡಿಸಿಕೊಂಡ ಮೇಲೆ ಆವುಲಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ತಾನೂ ಕೊಟ್ಟ. “ತೆಗೆದ ರಕ್ತ ಚೆಲ್ಲೋದ್ಯಾಕೆ, ಇಬ್ಬರದೂ ಥೈರಾಯ್ಡ್ ಟೆಸ್ಟ್ ಮಾಡ್ತೀನಿ. ಐದು ಗಂಟೆಗೆ ಮೊಬೈಲಿಗೆ ಬರುತ್ತೆ,” ಎಂದಳು ಸೌಜನ್ಯ.

ಐದರ ಹೊತ್ತಿಗೆ ಮನೆಯಲ್ಲಿ ಸಾವಿನ ಮನೆಯಷ್ಟು ಅಲ್ಲದಿದ್ದರೂ ಅದರ ಹಿಂದಿನ ದಿನದಷ್ಟು ಜನ ಸೇರಿದ್ದರು. ಅಮ್ಮಾಜಮ್ಮ ಬಾಗಿಲ ಬಳಿ, ಮೋಹನ್‌ಬಾಬು ಕಿಟಕಿ ಬಳಿ. ಕಚೇರಿಯ ಮ್ಯಾನೇಜರು ಮುನಿಶಾಮಪ್ಪನವರು ಒಂದು ಕೆ.ಜಿ. ದ್ರಾಕ್ಷಿ ತಂದು ರೋಗಿಯ ತೊಡೆಯ ಮೇಲಿಟ್ಟಿದ್ದರು. ಕಲ್ಯಾಣಿ ಎಲ್ಲರಿಗೂ ಟೀ ಕೊಟ್ಟಳು. ಮ್ಯಾನೇಜರ ಲೋಟವನ್ನು ಮಾತ್ರ ಕೊಂಚ ಜೋರಾಗಿಯೇ ಇಟ್ಟಳು.

ಮೊಬೈಲು ‘ಟಿಣ್’ ಎಂದಿತು. ಆವುಲಪ್ಪನ ಕೈ ಜಾರಿ ಅದು ದ್ರಾಕ್ಷಿಯೊಳಗೆ ಬಿತ್ತು. ಮೋಹನ್‌ಬಾಬು ಹೆಕ್ಕಿಕೊಂಡು ರಿಪೋರ್ಟು ತೆರೆದ. ಕೆಂಪಕ್ಷರದಲ್ಲಿದ್ದ ಅಂಕಿಯೊಂದನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ.

“ಎಷ್ಟಿರ್ಬೇಕಂತೆ?” ಎಂದರು ಮುನಿಶಾಮಪ್ಪ.

“ನಾಲ್ಕೂವರೆ ಒಳಗೆ ಸಾರ್.”

“ಎಷ್ಟಿದೆ?”

“ಅರವತ್ತೊಂದು.”

“ಅಯ್ಯೋ ದೇವುಡಾ!” ಎಂದು ಅಮ್ಮಾಜಮ್ಮ ಎದೆಗೆ ಕೈಹಚ್ಚಿಕೊಂಡಳು.

ಆವುಲಪ್ಪನಿಗೆ ಕಿವಿ ಗುಂಯ್‌ಗುಟ್ಟಿತು. ಬೆಳಗಿನಿಂದ ಹೆದರಿದ್ದು ನಿಜ. ಆದರೂ ಯಾರಾದರೂ ‘ಏನೂ ಇಲ್ಲ’ ಎನ್ನುತ್ತಾರೆಂಬ ಆಸೆ ಮೂಲೆಯಲ್ಲೆಲ್ಲೋ ಇತ್ತು. ಈಗ ಅದೂ ಆರಿತು.

ಕಲ್ಯಾಣಿ ಗೋಡೆ ಹಿಡಿದು ನಿಂತಳು. ಆಮೇಲೆ ನೇರವಾಗಿ ಮ್ಯಾನೇಜರ ಮುಂದೆ ಬಂದು ಕೈಮುಗಿದಳು. “ಸಾರ್, ಎಂಟು ವರ್ಷದಿಂದ ನಿಮಗೆ ಶಾಪ ಹಾಕಿದ್ದೀನಿ, ಕ್ಷಮಿಸಿ. ಇನ್ನಾದ್ರೂ ಇವರಿಗೆ ಗೌರಿಬಿದನೂರಿಗೆ ಟ್ರಾನ್ಸ್‌ಫರ್ ಹಾಕ್ಸಿಕೊಡಿ. ಅಲ್ಲಿ ನಮ್ಮಮ್ಮ ಇದ್ದಾರೆ. ಇಬ್ರೂ ಸೇರಿ ಇವರನ್ನ ನೋಡ್ಕೊತೀವಿ. ನೀವು ತಡೆದಿದ್ದು ಸಾಕು ಸಾರ್.”

“ನಾನು ತಡೆದೆನಾ?” ಮುನಿಶಾಮಪ್ಪನವರು ಅವಾಕ್ಕಾಗಿ ಆವುಲಪ್ಪನ ಕಡೆ ನೋಡಿದರು. “ಅಲ್ಲಮ್ಮಾ, ಆ ಆರ್ಡರು...”

“ಸಾರ್, ನೀವು ಸುಮ್ನಿರಿ. ನಾನೇ ಹೇಳ್ತೀನಿ,” ಎಂದ ಆವುಲಪ್ಪ. ಹೋಗುವ ಜೀವ, ಸುಳ್ಳನ್ನು ಹೊತ್ತು ಹೋಗುವುದೇಕೆ ಎನಿಸಿತ್ತು ಅವನಿಗೆ. “ಕಲ್ಯಾಣಿ, ಆರ್ಡರು ಬಂದಿತ್ತು. ಎರಡು ಸಲ ಬಂದಿತ್ತು. ಎರಡು ಸಲವೂ ನಾನೇ ಬೇಡ ಅಂತ ಬರ್ಕೊಟ್ಟೆ.”



“ಎರಡನೇ ಸಲ ನಾನು ಪಾತ್ರೆ ಎಲ್ಲ ಮೂಟೆ ಕಟ್ಟಿದ್ದೆ,” ಎಂದಳು ಕಲ್ಯಾಣಿ ನಿಧಾನವಾಗಿ.

“ಗೊತ್ತು.”

“ಬಿಚ್ಚುವಾಗ ನೀವೂ ಕೂತು ಬಿಚ್ಚಿದ್ರಿ.”

“ಹೂಂ.”

“ಆ ಪಾಪಿ ಮ್ಯಾನೇಜರ್ ಮನೆ ಹಾಳಾಗ ಅಂತ ನಾನು ಅತ್ತಾಗ, ಹಾಳಾಗ ಅಂತ ನೀವೂ ಅಂದ್ರಿ.”

ಮುನಿಶಾಮಪ್ಪನವರು ಲೋಟ ಕೆಳಗಿಟ್ಟರು.

“ನಿಮ್ಮಮ್ಮನಿಗೆ ಹೆದರಿದ್ದೆ ಕಣೇ,” ಎಂದ ಆವುಲಪ್ಪ. ಅತ್ತೆ ವೆಂಕಟರತ್ನಮ್ಮನವರು ಗೌರಿಬಿದನೂರಿನಲ್ಲಿ ಮೂವತ್ತೊಂದು ವರ್ಷ ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ. ಮದುವೆಯಾದ ಹೊಸತರಲ್ಲಿ ಆವುಲಪ್ಪ ಅಲ್ಲಿ ನಾಲ್ಕು ದಿನ ಇದ್ದ. ಐದು ಗಂಟೆಗೆ ಎಬ್ಬಿಸಿದ್ದರು, ಮೂರನೇ ಮುದ್ದೆ ಕೇಳಿದ್ದಕ್ಕೆ ಹೊಟ್ಟೆ ನೋಡಿದ್ದರು, ಉಂಡ ತಟ್ಟೆ ತೊಳೆಸಿದ್ದರು. ಅಂಥವರ ಊರಲ್ಲೇ ಸಂಸಾರ ಹೂಡುವುದೆಂದರೆ ಅವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಇದನ್ನೆಲ್ಲ ಅವನು ತಡೆತಡೆದು ಹೇಳಿ ಮುಗಿಸಿ, ದ್ರಾಕ್ಷಿಯ ಮೇಲೆ ಎರಡು ಹನಿ ಕಣ್ಣೀರು ಹಾಕಿದ. ಎಂಟು ವರ್ಷದ ಮೇಲೆ ಎದೆ ಹಗುರವಾಗಿತ್ತು.

ಕಲ್ಯಾಣಿಯ ಮುಖ ಕೆಂಪಾಗಿ, ಬಿಳುಚಿ, ಮತ್ತೆ ಕೆಂಪಾಯಿತು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಹುಷಾರಿಲ್ಲದೋರ ಹತ್ರ ಏನು ಜಗಳ. ಮಲಕ್ಕೊಳ್ಳಿ,” ಎಂದು ಅವನ ತಲೆಯ ಕೆಳಗೆ ದಿಂಬಿಟ್ಟಳು. ಆವುಲಪ್ಪನಿಗೆ ಈ ಹೆಣ್ಣು ದೇವತೆ ಎನಿಸಿತು.

ಆಗ ಮೊಬೈಲು ರಿಂಗಾಯಿತು. ಮೋಹನ್‌ಬಾಬು ಸ್ಪೀಕರಿಗೆ ಹಾಕಿದ.

“ಸಾರ್, ಲ್ಯಾಬಿಂದ ಸೌಜನ್ಯ. ಮೇಡಮ್ ರಿಪೋರ್ಟ್ ನೋಡಿದ್ರಾ? ಅರವತ್ತೊಂದು ಬಂದಿದೆ, ಇವತ್ತೇ ಡಾಕ್ಟರ್ ಹತ್ರ ತೋರ್ಸಿ. ನಿಮ್ಮದು ಈಗಷ್ಟೇ ಕಳಿಸ್ದೆ. ನಿಮ್ಮದು ಎರಡೇ ಸಾರ್. ಕಲ್ಲುಗುಂಡಿನ ಹಾಗಿದ್ದೀರ!”

ಮೋಹನ್‌ಬಾಬು ಬೆರಳಿನಿಂದ ರಿಪೋರ್ಟನ್ನು ಮೇಲಕ್ಕೆ ಸರಿಸಿದ. ತುದಿಯಲ್ಲಿ ‘ಶ್ರೀಮತಿ ಕಲ್ಯಾಣಿ’ ಎಂದಿತ್ತು. ಅವನು ಹೆಲ್ಮೆಟ್ ಹುಡುಕತೊಡಗಿದ. ಮುನಿಶಾಮಪ್ಪನವರು, “ನಾಳೆ ಆಫೀಸಿಗೆ ಬನ್ನಿ ಆವುಲಪ್ಪ, ಸ್ವಲ್ಪ ಮಾತಾಡಣ,” ಎಂದು ಚಪ್ಪಲಿ ಮೆಟ್ಟಿದರು. ಅಮ್ಮಾಜಮ್ಮ ಎದ್ದುಬಂದು ಆವುಲಪ್ಪನ ತೊಡೆಯ ಮೇಲಿದ್ದ ದ್ರಾಕ್ಷಿಯನ್ನು ಎತ್ತಿ ಕಲ್ಯಾಣಿಯ ಕೈಗೆ ಕೊಟ್ಟಳು.

ಆರೂವರೆಗೆ ಪೇಟೆಯ ಡಾಕ್ಟರಮ್ಮ ಕಲ್ಯಾಣಿಯನ್ನು ಪರೀಕ್ಷಿಸಿದರು. “ಸುಸ್ತು ಇದೆಯಾ?” “ಒಂದು ವರ್ಷದಿಂದ.” “ಚಳಿ?” “ಬೇಸಿಗೇಲೂ ಹೊದ್ಕೋತೀನಿ.” “ನಿದ್ದೆ?” “ಎಲ್ಲಿ ಕೂತ್ರೂ ಬರುತ್ತೆ.”

“ಇಷ್ಟು ದಿನ ಮನೇಲಿ ಯಾರೂ ಗಮನಿಸ್ಲಿಲ್ವಾ?”

ಆವುಲಪ್ಪ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಗಮನವಿಟ್ಟು ಓದಿದ. ಬಸ್ಸಿನಲ್ಲಿ ನಿದ್ದೆ ಹೋದಳೆಂದು ತಾನು ಆಡಿದ ಮಾತು ನೆನಪಾಯಿತು. ಬೆಳಿಗ್ಗೆ ಅವಳು ಹೊಸ್ತಿಲ ಮೇಲೆ ಕೂತದ್ದೂ ನೆನಪಾಯಿತು. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. “ಡಾಕ್ಟ್ರೇ, ಇವಳಿಗೆ ಏನಾದ್ರೂ ಆಗಿಬಿಡುತ್ತಾ?” ಎಂದ.

“ಏನೂ ಆಗಲ್ಲ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ದಿನಾ ಒಂದು ಮಾತ್ರೆ. ಆರು ವಾರ ಬಿಟ್ಟು ಮತ್ತೆ ರಕ್ತ ನೋಡಣ. ಅಲ್ಲೀತನಕ ಎಲ್ಲ ಕೆಲಸ ಇವರ ತಲೆ ಮೇಲೆ ಹಾಕ್ಬೇಡಿ.” ಆಮೇಲೆ ಅವನ ನಾಲಿಗೆಯನ್ನೂ ನೋಡಿದರು. “ನಿಮಗೆ ಕಾಯಿಲೆ ಇಲ್ಲ. ನಾಲಿಗೇನ ಹಲ್ಲಿಗೆ ಒತ್ತಿ ಹಿಡಿಯೋ ಅಭ್ಯಾಸ, ಅಷ್ಟೇ. ಏನೋ ಒಂದನ್ನ ಒಳಗೇ ಅದುಮಿಟ್ಕೊಂಡು ಚಿಂತೆ ಮಾಡೋರು ಹಿಂಗೆ ಮಾಡ್ತಾರೆ.”

“ಅದು ಸಾಯಂಕಾಲ ಹೊರಗೆ ಬಂದ್ಬಿಡ್ತು ಡಾಕ್ಟ್ರೇ,” ಎಂದ ಆವುಲಪ್ಪ.

ಔಷಧಿ ಅಂಗಡಿಯ ಹತ್ತಿರ ಯಾರಿಗೋ ಫೋನ್ ಮಾಡಿ ಬಂದ ಕಲ್ಯಾಣಿ ಮನೆಯ ದಾರಿಯಲ್ಲಿ ಎರಡು ಹೆಜ್ಜೆ ಮುಂದೆಯೇ ನಡೆದಳು. ಆವುಲಪ್ಪನಿಗೆ ತಡೆಯಲಾಗಲಿಲ್ಲ. “ತಪ್ಪಾಯ್ತು ಕಣೇ. ನಾಳೆನೇ ಮ್ಯಾನೇಜರ ಕಾಲು ಹಿಡಿದಾದ್ರೂ ಗೌರಿಬಿದನೂರಿಗೆ ಹಾಕಿಸ್ಕೊತೀನಿ.”

“ಬೇಡ. ಮೂಟೆ ಕಟ್ಟಕ್ಕೆ ನನ್ನ ಕೈಲಾಗಲ್ಲ. ನಾವು ಇಲ್ಲೇ ಇರಣ.”

ಅವನಿಗೆ ಹೋದ ಜೀವ ಬಂದಂತಾಯಿತು. ಅವಳ ಕೈಯಿಂದ ಔಷಧಿಯ ಚೀಲ ಈಸಿಕೊಂಡ. ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಅವಳು ‘ಹಾಂ, ಹಾಂ’ ಎಂದು ಕೇಳಿ, “ಇಲ್ಲೇ ಇದ್ದಾರೆ,” ಎಂದು ಅವನ ಕಿವಿಗೆ ಹಿಡಿದಳು.

“ಅಲ್ಲುಡೂ,” ಎಂದು ಅಳಿಯನನ್ನು ಕರೆಯಿತು ವೆಂಕಟರತ್ನಮ್ಮನವರ ಗಂಟಲು, “ಕಲ್ಯಾಣಿ ಎಲ್ಲಾ ಹೇಳಿದ್ಲು. ಅವಳು ಹುಷಾರಾಗೋವರ್ಗೂ ನಾನೇ ಬಂದು ಇರ್ತೀನಿ. ಆಮೇಲೂ ಇರ್ತೀನಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡ್ತೀನಿ, ಸ್ಟ್ಯಾಂಡ್ ಹತ್ರ ನಿಂತಿರು. ಕಬ್ಬಿಣದ ಟ್ರಂಕು ಮೂರಿದೆ. ಕೂಲಿಯೋನ್ನ ಕರೀಬೇಡ. ನೀನು ಕಲ್ಲುಗುಂಡಿನ ಹಾಗಿದ್ದೀಯಂತ ರಿಪೋರ್ಟೇ ಬಂದಿದೆಯಂತಲ್ಲಾ!”