ಪಕ್ಕದ ದೇಶದ ಕಾಗದ

೧. ಉಪ್ಪಿಟ್ಟಿನ ಹೊತ್ತು

ನನ್ನ ಮೊಮ್ಮಗಳನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ನಮ್ಮೂರು ಹೊಳಲಿಗೆ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಹಿಂದೆ ಬಂದ ಗಂಡುಗಳನ್ನೆಲ್ಲ ಬೇಡ ಅಂದಿದ್ದವಳು ಇವನ ಫೋಟೋ ಮಾತ್ರ ವಾಪಸ್ ಕೊಟ್ಟಿರಲಿಲ್ಲ.

ಉಪ್ಪಿಟ್ಟು ತಿನ್ನುತ್ತ ಸೋದರಮಾವ ಕೇಳಿದ: "ಉಡ್ಗಿ ಏನ್ ಕೆಲ್ಸ ಮಾಡ್ತದೆ ಗೌಡ್ರೇ?"

ಅವಳು ಮದ್ದೂರಿನಲ್ಲಿ ರಟ್ಟಿನ ಡಬ್ಬ ಮಾಡುವ ಕಂಪನಿಯಲ್ಲಿದ್ದಾಳೆ. ನಮ್ಮ ದೇಶ ಎಷ್ಟು ಕಾಗದ, ಎಷ್ಟು ರಟ್ಟು ರಫ್ತು ಮಾಡಿತು, ಅಕ್ಕಪಕ್ಕದ ದೇಶಗಳು ಎಷ್ಟು ಮಾಡಿದವು ಎಂದು ಹೋಲಿಸಿ ಮಾಲೀಕರಿಗೆ ಹೇಳುವುದು ಅವಳ ಕೆಲಸ. ಇಷ್ಟುದ್ದ ಯಾರು ಹೇಳುತ್ತಾರೆ? ಚಿಕ್ಕದಾಗಿ ಹೇಳಿದೆ.

"ಕಾಗದದ್ದು. ಪಕ್ಕದ ದೇಶದ ಜೊತೆ."

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ನಮ್ಮ ಕಡೆ ಹಳಬರಿಗೆ ಕಾಗದ ಎಂದರೆ ಬರೆದು ಅಂಚೆಗೆ ಹಾಕುವಂಥದ್ದು.

"ಪಕ್ಕದ ದೇಸ್ದೋರ್ ಜೊತೆ ಕಾಗ್ದದ್ ಯವಾರ್ವಾ? ಯಾರವ್ವ ಅವ್ನು?" ಎಂದು ಮೊಮ್ಮಗಳನ್ನೇ ಕೇಳಿದರು.

"ಒಬ್ಬನಲ್ಲ," ಎಂದೆ ನಾನು. "ಮೂರ್ನಾಲ್ಕು ದೇಶ ಇವೆ."

ಕಾಫಿ ಯಾರೂ ಕುಡಿಯಲಿಲ್ಲ.

೨. ಸರಿಮಾಡಲು ಹೋದದ್ದು

ಸೊಸೆ ನನ್ನ ಮುಖ ನೋಡಲಿಲ್ಲ. ಮೊಮ್ಮಗಳು ಊಟ ಬಿಟ್ಟಳು. ನಾನೇ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಸೋದರಮಾವ ಜಗಲಿಯ ಮೇಲೆ ಕೂತಿದ್ದ.

"ಅದು ಬರೆದ ಕಾಗದ ಅಲ್ಲ. ಖಾಲಿ," ಎಂದೆ.

"ಖಾಲಿ ಕಾಗ್ದ ಯಾಕ್ ಕಳಿಸ್ತಾರೆ? ಏನಾರ ಗುಟ್ಟಾ?"

"ಕಾಗದ ಒಂದೇ ಅಲ್ಲ. ರಟ್ಟೂ ಆಗ್ತದೆ."

ಅವನು ಎದ್ದು ನಿಂತ. "ಆಗ್ಲೇ ರಟ್ಟಾಗೋಯ್ತಾ! ಯಾರ್ಯಾರ್ಗೆ ಗೊತ್ತು?"

"ಲೆಕ್ಕ ಎಲ್ಲ ಸರ್ಕಾರದ ಹತ್ತಿರ ಇದೆ," ಎಂದೆ.

ಮಾತು ಕಡಿಮೆಯಿದ್ದರೆ ತಪ್ಪೂ ಕಡಿಮೆ ಎಂದು ನಂಬಿ ಬದುಕಿದವನು ನಾನು. ವಾಪಸ್ ಬರುವಾಗ ಮಂಡ್ಯ ಬರುವವರೆಗೆ ಬಸ್ಸಿನಲ್ಲಿ ತಲೆ ಎತ್ತಲಿಲ್ಲ.

೩. ತೂಕದ ಮಾತು

ಕೊನೆಗೆ ಮೊಮ್ಮಗಳೇ ಹುಡುಗನಿಗೆ ಫೋನ್ ಮಾಡಿದಳು. ಅವನು ಮನೆಯವರನ್ನು ಒಪ್ಪಿಸಿ ಮತ್ತೆ ಕರೆತಂದ.

"ತಾತ, ನೀನ್ ಬಾಯ್ ಬುಡ್ಬ್ಯಾಡ," ಎಂದಳು. ತಲೆಯಾಡಿಸಿದೆ.

ಯಾರದೋ ಲಗ್ನಪತ್ರಿಕೆ, ಒಂದು ಸ್ವೀಟಿನ ಡಬ್ಬ ಅವರ ಮುಂದಿಟ್ಟಳು. "ಅಮ್ಮಾ, ಇದು ಕಾಗದ, ಇದು ರಟ್ಟು. ಇಂಥವನ್ನ ನಮ್ಮೋರು ಎಷ್ಟು ಟನ್ ಹೊರಗೆ ಮಾರ್ತಾರೆ, ಪಕ್ಕದ ದೇಶದೋರು ಎಷ್ಟು ಮಾರ್ತಾರೆ ಅಂತ ನೋಡ್ತೀನಿ. ಅಷ್ಟೇ."

ತಾಯಿ ಜೋರಾಗಿ ನಕ್ಕರು. ಎದ್ದು ಬಂದು ನನ್ನ ಬೆಂಚಿನಲ್ಲೇ ಕೂತರು. ದೊಡ್ಡ ಮೈಯವರು. ಬೆಂಚಿನ ನನ್ನ ತುದಿ ಮೇಲೆದ್ದಿತು.

"ಇಷ್ಟನ್ನ ಬಾಯ್ಬುಟ್ಟು ಯೋಳಕ್ಕೆ ನಿಮ್ಗೇನಾಗಿತ್ತು ಗೌಡ್ರೇ?"

ನಾಚಿ ಪಂಚೆಯ ಅಂಚು ಸರಿಮಾಡಿಕೊಂಡೆ. ಸೋದರಮಾವನಿಗೆ ನನ್ನ ಮೇಲೆ ಕನಿಕರ ಬಂತು. ಮಾತಿಗೆ ಎಳೆದ.

"ಓಗ್ಲಿ, ನೀವೇ ಯೋಳಿ. ತೂಕ್ದಲ್ಲಿ ಯಾರು ಜಾಸ್ತಿ?"

ಬಾಯಿ ಬಿಡಬಾರದಿತ್ತು. ಗೌರವ ಕೊಟ್ಟು ಕೇಳಿದ್ದಾನೆ, ಉತ್ತರವೂ ಗೊತ್ತಿದೆ.

"ನಮ್ಮದೇನಿಲ್ಲ," ಎಂದೆ. "ತೂಕದಲ್ಲಿ ಪಕ್ಕದವರೇ ಭಾರಿ."

ಬೆಂಚಿನ ನನ್ನ ತುದಿ ದಡ್ಡನೆ ಕೆಳಗಿಳಿಯಿತು. ತಾಯಿ ಎದ್ದು ನಿಂತಿದ್ದರು. ಹುಡುಗ ನಗು ತಡೆಯಲಾಗದೆ ಹೊರಗೆ ಓಡಿದ. ಅವನ ಹಿಂದೆ ಮೊಮ್ಮಗಳೂ ಓಡಿದಳು.

ಮದುವೆ ಆಯಿತು. ಹುಡುಗನ ತಾಯಿ ಇವತ್ತಿಗೂ ನನ್ನ ಪಕ್ಕ ಕೂರುವುದಿಲ್ಲ.