ಶಾಲೆ ಬಿಟ್ಟ ಮಕ್ಕಳಿಗೆ ಉಚಿತ ಪಾಠ

ಎಲ್ಲಕ್ಕೂ ಕಾರಣ ಒಂದು ಬೋರ್ಡು.

ಕಟಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೇಷ್ಟ್ರು ನಡೆಸುತ್ತಿದ್ದ ಕೇಂದ್ರಕ್ಕೆ ಮೊದಲು 'ಪರ್ಯಾಯ ಕಲಿಕಾ ಕೇಂದ್ರ' ಎಂಬ ಬೋರ್ಡಿತ್ತು. ಶಾಲೆಯ ಹೆಸರೆತ್ತಿದರೆ ಹಾವು ತುಳಿದವರಂತೆ ಹಾರುವ ಹನ್ನೆರಡು ಹುಡುಗ ಹುಡುಗಿಯರು ಅಲ್ಲಿ ಕೆಟ್ಟ ಫ್ಯಾನು ಬಿಚ್ಚುತ್ತ ವಿಜ್ಞಾನವನ್ನೂ, ಕಿಟಕಿಗೆ ಪರದೆ ಕತ್ತರಿಸುತ್ತ ಗಣಿತವನ್ನೂ ಕಲಿಯುತ್ತಿದ್ದರು. ಬೋರ್ಡು ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ. ರಸ್ತೆ ಅಗೆದಿದ್ದಾಗ ಸ್ಕೂಟರಿನವನೊಬ್ಬ, "ಪರ್ಯಾಯ ಮಾರ್ಗ ಈ ಮೆಟ್ಟಿಲ ಮೇಲೇನಾ?" ಎಂದು ಕೇಳಿದ್ದ.

ಅದಕ್ಕೇ ಮೇಷ್ಟ್ರು ಇವತ್ತು ಬೆಳಿಗ್ಗೆ ಹೊಸ ಬೋರ್ಡು ಹಾಕಿಸಿದ್ದರು: 'ಶಾಲೆ ಬಿಟ್ಟ ಮಕ್ಕಳಿಗೆ ಉಚಿತ ಪಾಠ'. ಸಂಜೆ ನಾಲ್ಕೂವರೆಗೆ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಹತ್ತು ತಲೆಗಿಂತ ಕಡಿಮೆ ಕಂಡರೆ ಕೇಂದ್ರಕ್ಕೆ ಬೀಗ, ಮೇಷ್ಟ್ರ ಕೆಲಸಕ್ಕೂ ಬೀಗ.

ನಾಲ್ಕಾಗುತ್ತ ಬಂದರೂ ಒಂದು ತಲೆಯೂ ಕಾಣಲಿಲ್ಲ. ಮೇಷ್ಟ್ರು ಕೆಳಗೆ ಓಡಿದರು.

"ಕತ್ತರಿಯಣ್ಣಾ, ನಮ್ ಮಕ್ಳನ್ನ ನೋಡಿದ್ರಾ?"

ಗಿರಾಕಿಯ ಕಿವಿಯ ಪಕ್ಕದಲ್ಲೇ ಕತ್ತರಿ ನಿಂತಿತು. "ಊಟ ಆದ್ಮೇಲೆ ಟೂಲ್ಸ್ ಪೆಟ್ಟಿಗೆ ಹೊತ್ಕೊಂಡು ಹೊರಟ್ರು. ಮುಂದೆ ನಿಮ್ ಸ್ಪ್ಯಾನರ್ ರಾಣಿ. ಎಲ್ಲಿಗಮ್ಮ ಅಂದ್ರೆ, 'ದೊಡ್ಡ ಕೇಸು ಅಣ್ಣಾ' ಅಂದ್ಲು."

ಮೇಷ್ಟ್ರು ಬೀದಿಯ ಎರಡೂ ಕಡೆ ಕತ್ತು ಚಾಚಿ ನೋಡಿದರು. ಅಷ್ಟರಲ್ಲಿ ಪಕ್ಕದ ಬೀದಿಯ ಶಾಲೆಯ ಬೆಲ್ಲು ಅರಚಿತು. ತಿಂಗಳಿಂದ ಕೆಟ್ಟು ಮಲಗಿದ್ದ ಬೆಲ್ಲು, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಇವತ್ತೇಕೆ ಕೂಗಿತೆಂದು ಯೋಚಿಸುವ ವ್ಯವಧಾನ ಅವರಿಗಿರಲಿಲ್ಲ.

ಐದು ನಿಮಿಷದಲ್ಲಿ ಯೂನಿಫಾರ್ಮಿನ ಗುಂಡನೊಬ್ಬನನ್ನು ಎಳೆದುಕೊಂಡು ಒಬ್ಬ ತಾಯಿ ಬಂದಳು.

"ಮೇಷ್ಟ್ರೇ, ಬೋರ್ಡ್ ನೋಡ್ದೆ. ಇವನ್ನೂ ಸೇರಿಸ್ಕೊಳ್ಳಿ."

"ಶಾಲೆ ಬಿಟ್ಟು ಎಷ್ಟು ದಿನ ಆಯ್ತಮ್ಮಾ?"

"ದಿನ ಏನು ಬಂತು? ಈಗಷ್ಟೇ ಬಿಡ್ತು. ಬೆಲ್ ಕೇಳಿಸ್ಲಿಲ್ವಾ?"

ಅವಳ ಹಿಂದೆ ಟೈ, ಚೀಲ, ನೀರಿನ ಬಾಟಲಿಗಳ ಸೈನ್ಯವೇ ಮೆಟ್ಟಿಲು ಹತ್ತುತ್ತಿತ್ತು. "ಇದು ಟ್ಯೂಷನ್ ಅಲ್ಲಮ್ಮಾ!" ಎಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಕತ್ತರಿಯಣ್ಣ ಅವರ ತೋಳು ಜಗ್ಗಿದ.

"ಸುಮ್ನಿರಿ ಮೇಷ್ಟ್ರೇ. ತಲೆ ಬೇಕಿತ್ತು, ತಾವಾಗೇ ಬಂದಿವೆ. ತಲೆ ವಿಷಯ ನಂಗ್ಬಿಡಿ."

ಅವನು ಹತ್ತು ಮಕ್ಕಳನ್ನು ಆರಿಸಿದ. ಟೈ ಕಿತ್ತ, ಕೂದಲು ಕೆದರಿದ, ಯೂನಿಫಾರ್ಮು ಮುಚ್ಚಲು ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಒಬ್ಬೊಬ್ಬರ ಕುತ್ತಿಗೆಗೂ ಕಟ್ಟಿದ. ಉಳಿದವರನ್ನು ತಾಯಂದಿರ ಸಮೇತ ತಾರಸಿಗೆ ಅಟ್ಟಿದ. ಅರ್ಧ ಕಟಿಂಗಿಗೇ ಎದ್ದು ಓಡಿಬಂದವರಂತೆ ಹತ್ತು ಮಕ್ಕಳು ಸಾಲಾಗಿ ಕುಳಿತವು.

ಸಾಹೇಬರು ಬಂದರು. "ಇದೇನ್ರೀ ಬಟ್ಟೆ?"

"ಗ್ರೀಸ್ ಕೆಲ್ಸ ಸಾರ್. ಮೈಗೆ ತಾಗಬಾರ್ದು ಅಂತ," ಎಂದರು ಮೇಷ್ಟ್ರು.

ಸಾಹೇಬರು ಗುಂಡನ ಮುಂದೆ ಬಗ್ಗಿದರು. "ಮರೀ, ಶಾಲೆ ಬಿಟ್ಟಿದ್ದು ಯಾವಾಗ?"

"ನಾಲ್ಕು ಗಂಟೆಗೆ ಸಾರ್."

"ಗಂಟೆ ಸಮೇತ ನೆನಪಿದೆ ಪಾಪ! ಯಾಕಪ್ಪಾ ಬಿಟ್ಟಿದ್ದು?"

"ಬೆಲ್ ಹೊಡೀತಲ್ಲ!"

"ಬೆಲ್ಲಿಗೇ ಅಷ್ಟು ಭಯವಾ? ಮೊದಲೂ ಹೀಗೆ ಬಿಟ್ಟಿದ್ದುಂಟಾ?"

"ದಿನಾ ಸಾರ್. ಶನಿವಾರ ಮಾತ್ರ ಬೆಳಿಗ್ಗೇನೇ."

"ದಿನಾ!" ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೇಷ್ಟ್ರೇ, ನನ್ನ ಇಡೀ ಸರ್ವೀಸಲ್ಲಿ ಇಷ್ಟು ಗಂಭೀರ ಕೇಸು ನೋಡಿಲ್ಲ. ಈ ಕೇಂದ್ರ ನಡೀಲೇಬೇಕು."

ಅವರು ಪೆನ್ನಿನ ಕ್ಯಾಪು ತೆಗೆದರು. ಮೇಷ್ಟ್ರು ಹಾಜರಿ ಪುಸ್ತಕ ಮುಂದೆ ಚಾಚಿದರು. ಆಗ ಮೆಟ್ಟಿಲು ಗುಡುಗಿತು.

"ಮೇಷ್ಟ್ರೇ! ಶಾಲೆ ಬೆಲ್ ರಿಪೇರಿ ಮಾಡಿದ್ವಿ!" ಸ್ಪ್ಯಾನರ್ ರಾಣಿ ಮುಂದೆ, ಹನ್ನೊಂದು ಜನ ಹಿಂದೆ. "ಹೆಡ್‌ಮಾಸ್ಟ್ರು ಖುಷಿಯಾಗಿ ನಮ್ಮನ್ನೆಲ್ಲ ಶಾಲೆಗೇ ಸೇರಿಸ್ಕೊಂಡ್ರು. ಅಲ್ಲಿ ಇನ್ನೂ ಏಳು ಫ್ಯಾನು, ಎರಡು ಪಂಪು ಕೆಟ್ಟಿವೆ. ನಮಗೆ ವರ್ಷಪೂರ್ತಿ ಸಾಕು!"

ಅವಳು ಹೆಡ್‌ಮಾಸ್ತರರ ಪತ್ರವನ್ನು ಸೀದಾ ಸಾಹೇಬರ ಕೈಗೇ ಇಟ್ಟಳು. ಈ ಗದ್ದಲ ನೋಡಲು ಗುಂಡ ಎದ್ದು ನಿಂತ. ಬಿಳಿ ಬಟ್ಟೆ ಜಾರಿತು. ಅವನ ಹಿಂದೆ ಎಲ್ಲರೂ ಎದ್ದರು; ಉಳಿದ ಒಂಬತ್ತೂ ಜಾರಿದವು. ಹತ್ತು ಯೂನಿಫಾರ್ಮುಗಳು ಫಳಫಳ ಹೊಳೆದವು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ತಯಾರಾದರು. ಸಾಹೇಬರು ಅವರನ್ನು ಬಾಚಿ ತಬ್ಬಿಕೊಂಡರು.

"ಹನ್ನೆರಡೂ ಮಕ್ಕಳು ಶಾಲೆಗೆ! ಈ ಹತ್ತೂ ಶಾಲೆಗೆ! ಈ ಬಡಾವಣೇಲಿ ಶಾಲೆ ಬಿಟ್ಟ ಮಗು ಒಂದೂ ಇಲ್ಲ! ನೂರಕ್ಕೆ ನೂರು ಕಣ್ರೀ ಮೇಷ್ಟ್ರೇ!" ಬೆನ್ನು ಚಪ್ಪರಿಸುತ್ತಲೇ ಅವರು ಬರೆದರು: 'ಗುರಿ ಪೂರ್ಣ. ಇಂದಿನಿಂದ ಕೇಂದ್ರದ ಅಗತ್ಯವಿಲ್ಲ.' ಎಲ್ಲರನ್ನೂ ಹೊರಗೆ ಕಳಿಸಿ, ಜೇಬಿನಿಂದ ಬೀಗ ತೆಗೆದು ಬಾಗಿಲಿಗೆ ತಾವೇ ಜಡಿದರು.

ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರು ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಗುಂಡ ಹತ್ತಿರ ಬಂದ.

"ಸಾರ್, ನಾಳೆ ಪಾಠ ಇಲ್ವಾ? ನೀವೂ ಶಾಲೆ ಬಿಟ್ರಾ?"

"ನಾನ್ ಬಿಟ್ಟಿಲ್ಲಪ್ಪಾ. ಶಾಲೇನೇ ನನ್ನ ಬಿಡ್ತು."

ಗುಂಡ ಸ್ವಲ್ಪ ಯೋಚಿಸಿದ. "ಬೆಲ್ ಹೊಡೀತಾ ಸಾರ್?"

"ಹೊಡೀತು ಕಣೋ," ಎಂದರು ಮೇಷ್ಟ್ರು. "ನನ್ ಮಕ್ಳೇ ರಿಪೇರಿ ಮಾಡಿದ್ದು."