ಕಚೇರಿ ಜಗಲಿಯ ಮೇಲೆ ನನ್ನ ಮಿಷನ್ನು

ಟೈಪ್ ಮಿಷನ್ನಿನ ಮುಂದೆ ಒಬ್ಬ ಹೆಂಗಸು ಕೂತಿದ್ದಾಳೆ ಅಂದರೆ ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಹುಡುಕಿಕೊಂಡು ಹೋದದ್ದಲ್ಲ. ಬೆಳಿಗ್ಗೆ ಮುಚ್ಚಳ ತೆಗೆದು ಕಾಗದ ಸಿಕ್ಕಿಸಿದರೆ ಸಾಕು, ಸಂಗತಿಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರುಗಳ ಕಚೇರಿ ಜಗಲಿಗಳ ಮೇಲೆ ಕೂತು ನಾನು ಅರ್ಜಿ ಟೈಪ್ ಮಾಡಿದ್ದೇನೆ. ಅವುಗಳಲ್ಲೊಂದು ಜಗಲಿಯಿಂದ ನನ್ನನ್ನು ಎಬ್ಬಿಸಲು ಹೊರಟಿದ್ದ ವರ್ಷದ ಸಂಗತಿಗಳನ್ನಷ್ಟೇ ಇಲ್ಲಿ ಹೇಳುತ್ತೇನೆ. ಯಾವ ಊರು ಅಂತ ಹೇಳುವುದಿಲ್ಲ. ಮೂರೂ ಕಡೆ ನನಗೆ ಬೇಕಾದವರಿದ್ದಾರೆ.

ನಾನು ಗದಗಿನ ಕಡೆಯವಳು. ಶಾಲೆಗೆ ಹೋದವಳಲ್ಲ. ಅಲ್ಲಿನ ಒಂದು ಅಚ್ಚುಕೂಟದಲ್ಲಿ ಕಸ ಗುಡಿಸುತ್ತಾ, ನೆಲಕ್ಕೆ ಬಿದ್ದ ಸೀಸದ ಮೊಳೆಗಳನ್ನು ಆರಿಸಿ ಅವವುಗಳ ಗೂಡಿಗೆ ಹಾಕುತ್ತಾ ಅಕ್ಷರ ಕಲಿತೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಹಾಗಾಗಿ ಮೊದಲ ಸಲ ಪುಸ್ತಕ ತೆರೆದಾಗ, ಇಷ್ಟು ದೊಡ್ಡ ಪುಸ್ತಕವನ್ನು ಪೂರ್ತಿ ತಪ್ಪಾಗಿ ಅಚ್ಚು ಹಾಕಿದ್ದಾರಲ್ಲ ಅಂತ ಮರುಕಪಟ್ಟೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಕಡಲೆಕಾಯಿ ಪೊಟ್ಟಣ ಸಹಿತ. ತಮ್ಮನಿಗೆ ಮಂಡ್ಯದ ಕಡೆ ಕೆಲಸ ಸಿಕ್ಕಿತು, ಅಡುಗೆಗೆ ಅಂತ ನಾನೂ ಬಂದೆ. ಅವನಿಗೆ ವರ್ಗವಾಯಿತು, ಹೋದ. ನಾನು ಹೋಗಲಿಲ್ಲ. ಅಷ್ಟು ಹೊತ್ತಿಗೆ ಹಳೆಯದೊಂದು ಕನ್ನಡ ಟೈಪ್ ಮಿಷನ್ನು ನನ್ನದಾಗಿತ್ತು.

೧. ಯಾರ ಮಾತೂ ಕೇಳದ ಮಿಷನ್ನು

ಆ ಮಿಷನ್ನಿನಲ್ಲಿ ಅಕ್ಷರಗಳು ಇದ್ದ ಕ್ರಮ ನನಗೆ ಹಿಡಿಸಲಿಲ್ಲ. ಅಚ್ಚುಕೂಟದಲ್ಲಿ ಮೊಳೆಗಳ ಗೂಡುಗಳು ಒಂದು ಕ್ರಮದಲ್ಲಿರುತ್ತವೆ, ನನ್ನ ಕೈ ತಾನಾಗಿ ಹೋಗುವುದು ಆ ಕಡೆಗೇ. ರಿಪೇರಿಯವನ ಎದುರು ಎರಡು ದಿನ ಕೂತು, ಒಳಗಿನ ಅಚ್ಚುಗಳನ್ನೆಲ್ಲ ಬಿಡಿಸಿ ನನಗೆ ಬೇಕಾದ ಹಾಗೆ ಬೆಸುಗೆ ಹಾಕಿಸಿದೆ. ಮೇಲಿನ ಗುಂಡಿಗಳ ಮೇಲೆ ಬರೆದದ್ದನ್ನು ಬದಲಾಯಿಸಲಿಲ್ಲ. ಯಾಕೆ ಬದಲಾಯಿಸಬೇಕು, ನಾನು ಗುಂಡಿ ನೋಡಿ ಹೊಡೆಯುವವಳಲ್ಲ.

ಜಗಲಿಯಲ್ಲಿ ನನ್ನ ಪಕ್ಕ ಇಂಗ್ಲಿಷ್ ಟೈಪಿನ ಯಜಮಾನರೊಬ್ಬರು ಕೂರುತ್ತಿದ್ದರು. ನಿವೃತ್ತ ಗುಮಾಸ್ತರು. ಟೈಪ್ ಪರೀಕ್ಷೆ ಪಾಸಾದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕಂಬಕ್ಕೆ ನೇತುಹಾಕಿದ್ದರು, ಬೆಳಿಗ್ಗೆ ಅದಕ್ಕೊಂದು ಹೂವು. ಒಂದು ದಿನ ನಾನು ಕಾಫಿಗೆ ಹೋಗಿದ್ದಾಗ ಅವರು ಕುತೂಹಲಕ್ಕೆ ನನ್ನ ಮಿಷನ್ನಿನ ಮುಂದೆ ಕೂತು ‘ಶ್ರೀ’ ಅಂತ ಹೊಡೆದರಂತೆ. ‘ಟುಂ’ ಅಂತ ಬಂತು. ದೇವರ ಹೆಸರು ಹೊಡೆದರು, ಅದು ಬಾಯಲ್ಲಿ ಹೇಳಬಾರದ ಹಾಗೆ ಬಂತು. ನಾನು ಬರುವ ಹೊತ್ತಿಗೆ ದೂರ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

“ಏನಮ್ಮಾ ಇದು?”

“ಏನ್ರೀ ಆತು?”

“ಏನಾಗ್ಬೇಕು? ಎಪ್ಪತ್ತು ವರ್ಷದಿಂದ ಪೂಜೆ ಮಾಡ್ತಿರೋ ದೇವರನ್ನ ನಿಮ್ಮ ಮಿಷನ್ನು ಒಂದೇ ಏಟಿಗೆ ಬೈದುಬಿಡ್ತು.”

೨. ಹೆಂಡತಿಗೆ ನೋಟೀಸು

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಮೇಲೆ ಕನ್ನಡದಲ್ಲಿ ಅರ್ಜಿ ಕೊಡುವವರು ಹೆಚ್ಚಾದರು. ಟೈಪ್ ಹೊಡೆದ ಕಾಗದಕ್ಕೆ ಹಳ್ಳಿಗಳಲ್ಲಿ ಎಂಥ ಗೌರವ ಅಂದರೆ, ಕೈಯಲ್ಲಿ ಬರೆದದ್ದು ಮಾತು, ಮಿಷನ್ನಿನಲ್ಲಿ ಬಂದದ್ದು ಸರ್ಕಾರ. ಇದನ್ನು ಚೆನ್ನಾಗಿ ಅರಿತವನೊಬ್ಬ ಒಂದು ದಿನ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅಮ್ಮೋ, ನನ್ನೆಂಡ್ರು ಯಲಿಯೂರಿಗೆ ಓಗಿ ಮೂರು ತಿಂಗ್ಳಾಯ್ತು. ತವರು ಬುಟ್ಟು ಬರಾಕಿಲ್ಲ ಅಂತಾಳೆ. ಒಂದು ಕಾಗ್ದ ಒಡ್ಕೊಡು.”

“ಹೋಗಿ ಕರದ್ರ ಬರೋದಿಲ್ಲೇನ್ರೀ?”

“ಕರ್ದೆ ಕಣಮ್ಮ. ಬಾಯಿ ಮಾತ್ಗೆ ಬಗ್ಗೋಳಲ್ಲ ಅವ್ಳು.”

ನನಗೂ ದಿನವೂ ಗದ್ದೆ ನೀರಿನ ಅರ್ಜಿ ಹೊಡೆದು ಬೇಸರವಾಗಿತ್ತು. ಮನಸ್ಸಿಟ್ಟು ಹೊಡೆದೆ. “ತಾವು ಮೂರು ತಿಂಗಳಿಂದ ತವರು ಮನೆಯಲ್ಲಿ ಅನುಮತಿಯಿಲ್ಲದೆ ನೆಲೆಸಿರುವುದು ಗಮನಕ್ಕೆ ಬಂದಿದೆ. ಈ ಪತ್ರ ತಲುಪಿದ ಏಳು ದಿನದೊಳಗೆ ಗಂಡನ ಮನೆಯಲ್ಲಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.” ಅವನು ಹೆಬ್ಬೆಟ್ಟು ಒತ್ತಿ, ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹೋದ.

ನಾಲ್ಕನೇ ದಿನಕ್ಕೆ ಅವಳು ಬಂದಳು. ಗಂಡನ ಮನೆಗಲ್ಲ, ನನ್ನ ಹತ್ತಿರ. ಜೊತೆಗೆ ಅವಳಪ್ಪ. ಅಪ್ಪ ಕಾಗದ ಹಿಡಿದು ಸೀದಾ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಕೋಣೆಗೆ ಹೋದ. ಮಗಳು ನನ್ನ ಮುಂದೆ ಸೆರಗು ಕೊಡವಿ ಕೂತಳು.

“ಇದ ಒಡೆದೋಳು ನೀನೇನಾ?”

“ಹೌದ್ರೀ.”

“ಚೆನ್ನಾಗ್ ಒಡೆದಿದ್ದೀಯ. ಈಗ ನಂದೊಂದು ಒಡಿ.”

ಅವಳು ಹೇಳಿದಳು, ನಾನು ಹೊಡೆದೆ. “ತಮ್ಮ ಪತ್ರ ತಲುಪಿದೆ. ಮನೆಯ ಬಚ್ಚಲಿಗೆ ಬಾಗಿಲು ಇಡಿಸುವಂತೆ ಮದುವೆಯಾದಾಗಿನಿಂದ ಕೇಳಿಕೊಂಡಿದ್ದು, ಈವರೆಗೆ ಯಾವ ಕ್ರಮವನ್ನೂ ಕೈಗೊಂಡಿರುವುದಿಲ್ಲ. ಸದರಿ ಬಾಗಿಲು ಕಣ್ಣಿಗೆ ಕಾಣುವವರೆಗೆ ಹಾಜರಾಗಲು ಸಾಧ್ಯವಿಲ್ಲ.” ಓದಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು, “ಕಚೇರಿ ಕಾಗ್ದದಲ್ಲಿ ಕೆಳಗೆ ಇನ್ನೊಬ್ಬರಿಗೂ ಗೊತ್ತಾಗ್ಲಿ ಅಂತ ಏನೋ ಆಕ್ತಾರಲ್ಲ, ಅದೇನು?”

“ಪ್ರತಿ, ಮಾಹಿತಿಗಾಗಿ.”

“ಅದ ಆಕು. ನಮ್ಮತ್ತೆಗೆ.”

ಬಾಗಿಲು ಬಂತು, ಅವಳೂ ಹೋದಳು. ಆದರೆ ಅವಳಪ್ಪ ಒಳಗೆ ಹೋಗಿ “ನನ್ನ ಮಗಳಿಗೆ ನೋಟೀಸು ಕೊಡಾಕೆ ಸರ್ಕಾರಕ್ಕೇನು ಅಧಿಕಾರ?” ಅಂತ ಕೇಳಿದ್ದನಲ್ಲ, ಅದು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ.

೩. ಗೋಡೆಗೆ ಅಂಟಿದ ಹುಕುಂ

ಅಮಲ್ದಾರರು ಹೊಸಬರು, ವಯಸ್ಸು ಕಡಿಮೆ. ನನ್ನನ್ನು ಒಳಗೆ ಕರೆಸಿದರು.

“ಏನಮ್ಮ, ನೀವು ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೀರಾ?”

“ಇಲ್ರೀ. ಟೈಪಿಂಗ್ ಮಾಡ್ತೀನಿ.”

ಆ ಮಧ್ಯಾಹ್ನವೇ ಗೋಡೆಗೆ ಕಾಗದ ಅಂಟಿತು. ಸರ್ಟಿಫಿಕೇಟು ಉಳ್ಳವರಷ್ಟೇ ಜಗಲಿಯಲ್ಲಿ ಕೂರತಕ್ಕದ್ದು, ಅವರು ಹೊಡೆದ ಕಾಗದವನ್ನಷ್ಟೇ ಕಚೇರಿ ತೆಗೆದುಕೊಳ್ಳುವುದು. ನನಗೆ ಮೂರು ತಿಂಗಳು ವಾಯಿದೆ. ಸರ್ಟಿಫಿಕೇಟು ತರಬೇಕು, ಇಲ್ಲ ಮಿಷನ್ನು ಎತ್ತಬೇಕು. ಆ ಜಗಲಿಯ ನಾಲ್ಕು ಅಡಿ ಜಾಗ ನನ್ನ ಅನ್ನ. ಅನ್ನಕ್ಕಿಂತ ಹೆಚ್ಚಾಗಿ, ಅದು ಯಾರೂ ಕೊಡದೆ ನಾನೇ ಗಳಿಸಿಕೊಂಡ ಜಾಗ.

ಇಂಗ್ಲಿಷ್ ಯಜಮಾನರು ಕನಿಕರದಿಂದ ಹೇಳಿದರು, “ಊರಿಗೆ ಹೋಗ್ಬಿಡಿ ಅಮ್ಮ. ಈ ವಯಸ್ಸಲ್ಲಿ ಹುಡುಗೀರ ಜೊತೆ ಪರೀಕ್ಷೆಗೆ ಕೂರ್ತೀರಾ?”

ಕೂತೇ ಕೂರುತ್ತೇನೆ ಅಂದೆ. ಪರೀಕ್ಷೆಯ ಅರ್ಜಿಯಲ್ಲಿ ‘ಓದಿದ ಶಾಲೆ’ ಅಂತ ಇತ್ತು. ‘ಅಚ್ಚುಕೂಟ’ ಅಂತ ತುಂಬಿದೆ. ‘ಬಿಟ್ಟ ಕಾರಣ’ ಅಂತಲೂ ಇತ್ತು. ‘ಎಲ್ಲಾ ಓದಿ ಮುಗಿಯಿತು’ ಅಂತ ತುಂಬಿದೆ. ಮನೆಯಲ್ಲಿ ಬೆಳಿಗ್ಗೆ ಅಭ್ಯಾಸ, ಸಂಜೆ ಅಭ್ಯಾಸ. ಪಕ್ಕದ ಮನೆಯಾಕೆ ಒಂದು ದಿನ ಗೋಡೆ ಮೇಲಿಂದ ಇಣುಕಿ, “ಇದೇನಮ್ಮಿ, ಮೂರೊತ್ತೂ ರೊಟ್ಟಿ ಬಡೀತಿಯಲ್ಲ, ಒಬ್ಳಿಗೆ ಎಷ್ಟ್ ಬೇಕು? ನಿಮ್ ಕಡೆಯೋರ ರೊಟ್ಟಿಗಿಂತ ನಮ್ ಮುದ್ದೆನೇ ವಾಸಿ, ಸದ್ದಾದ್ರೂ ಇಲ್ಲ” ಅಂದಳು.

೪. ಬಸ್ಸಿನಲ್ಲಿ ಬೆಲ್ಲು

ಪರೀಕ್ಷೆ ಮಂಡ್ಯದಲ್ಲಿ. ಆ ಜಗಲಿ ಮಂಡ್ಯದ್ದಲ್ಲ ಅಂತ ಈಗ ನಿಮಗೆ ತಿಳಿದುಹೋಯಿತು. ಉಳಿದ ಎರಡರಲ್ಲಿ ಯಾವುದು ಅಂತ ಕೇಳಬೇಡಿ.

ಅಲ್ಲಿ ಮಿಷನ್ನು ಅವರೇ ಕೊಡುತ್ತಾರೆ, ಬೇಕಾದವರು ತಮ್ಮದನ್ನೇ ತರಬಹುದು ಅಂತ ನಿಯಮ. ನಾನು ನನ್ನದನ್ನು ಬಿಟ್ಟು ಬೇರೆಯದರ ಮೇಲೆ ಬೆರಳಿಡುವವಳಲ್ಲ. ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಂಡಕ್ಟರು ಮೇಲೆ ಹಾಕಿ ಅಂದ. ಮೇಲೆ ಕುಂಬಳಕಾಯಿ ಹಾಕ್ರೀ, ಇದನ್ನಲ್ಲ ಅಂತ ತೊಡೆಯ ಮೇಲಿಟ್ಟುಕೊಂಡು ಕೂತೆ.

ಟೈಪ್ ಮಿಷನ್ನಿನಲ್ಲಿ ಸಾಲು ಮುಗಿಯುವ ಹೊತ್ತಿಗೆ ಒಂದು ಗಂಟೆ ಹೊಡೆಯುತ್ತದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಮಿಷನ್ನಿನ ತಲೆ ಸರ್ರನೆ ಪಕ್ಕಕ್ಕೆ ಓಡಿ ‘ಟಿಣ್’ ಅನ್ನತೊಡಗಿತು. ಒಂದು ಬೆಲ್ಲು ಅಂದರೆ ನಿಲ್ಲಿಸು ಅಂತ. ಡ್ರೈವರು ನಿಲ್ಲಿಸಿದ. ಯಾರೂ ಇಳಿಯಲಿಲ್ಲ. ಕಂಡಕ್ಟರು ರೈಟ್ ಅಂದ. ಮುಂದೆ ಗುಂಡಿ, ಮತ್ತೆ ಟಿಣ್, ಮತ್ತೆ ನಿಂತಿತು. ನಾಲ್ಕನೆಯ ಸಲ ಡ್ರೈವರು ತಿರುಗಿ, “ಯಾಕ್ಲಾ, ಮರಮರಕ್ಕೂ ಸ್ಟಾಪ್ ಕೊಡ್ತಿದ್ದೀಯಾ?” ಅಂದ. ಕಂಡಕ್ಟರು, “ನನ್ ಕೈಯಾಗೆ ಟಿಕೆಟ್ ಬುಕ್ಕದೆ ಕಣ್ಲಾ, ನಾನೆಲ್ಲಿ ಒಡದೆ?” ಅಂದ.

ನಾನು ತೆಪ್ಪಗೆ ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದೆ. ಕೊನೆಗೆ ಸಿಕ್ಕಿಬಿದ್ದೆ, ಪರೀಕ್ಷೆಗೆ ಹೊರಟದ್ದನ್ನು ಹೇಳಬೇಕಾಯಿತು. ಕಂಡಕ್ಟರು ಗೋಣಿಯ ಹತ್ತಿರ ಬಾಗಿ ನೋಡಿ, ನೆಟ್ಟಗೆ ನಿಂತು ಹೇಳಿದ, “ಅಮ್ಮ, ಮಂಡ್ಯದಲ್ಲಿ ಏನು ಪರೀಕ್ಷೆನೋ ನಂಗೊತ್ತಿಲ್ಲ. ಕಂಡಕ್ಟರ್ ಪರೀಕ್ಷೇಲಿ ಇದು ಪಾಸು.”

೫. ಹೊಡೆದದ್ದು ಮತ್ತು ಬಂದದ್ದು

ಪರೀಕ್ಷೆಯ ಕೋಣೆ ತುಂಬ ಎರಡು ಜಡೆಯ ಹುಡುಗಿಯರು. ಪರೀಕ್ಷಕರು ಒಂದೊಂದು ಮಿಷನ್ನನ್ನೂ ತಾವೇ ಒಂದು ಸಾಲು ಹೊಡೆದು ನೋಡುತ್ತಾ ಬಂದರು. ನನ್ನದರ ಮುಂದೆ ಬಗ್ಗಿ ‘ಕರ್ನಾಟಕ’ ಅಂತ ಹೊಡೆದರು. ಕಾಗದ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇದು ಕೆಟ್ಟಿದೆಯಮ್ಮ.”

“ಕೆಟ್ಟಿಲ್ರೀ. ನಿಮ್ಮ ಪರಿಚಯ ಇಲ್ಲ ಅದಕ್ಕ.”

ಗುಂಡಿಯ ಮೇಲಿರುವುದೇ ಕಾಗದದ ಮೇಲೆ ಬರಬೇಕು ಅಂತ ನಿಯಮದಲ್ಲಿ ಎಲ್ಲಿದೆ ತೋರಿಸಿ ಅಂದೆ. ಪುಸ್ತಕ ತರಿಸಿ ಹುಡುಕಿದರು. ಅಂಥದ್ದೊಂದು ನಿಯಮ ಬೇಕಾದೀತು ಅಂತ ಯಾರಿಗೂ ಹೊಳೆದಿರಲಿಲ್ಲ. ಗಂಟೆ ಹೊಡೆಯಿತು, ಶುರು ಮಾಡಿದೆ. ಬೇರೆಯವರಿಗಿಂತ ಮೊದಲೇ ಮುಗಿಸಿ ಕೈ ಕಟ್ಟಿ ಕೂತೆ. ಪರೀಕ್ಷಕರು ಅಷ್ಟು ಹೊತ್ತೂ ನನ್ನ ಹಿಂದೆಯೇ ನಿಂತು ಬೆರಳು ನೋಡುತ್ತಿದ್ದರು. ಕಾಗದ ತೆಗೆದು ಪೂರ್ತಿ ಓದಿದರು. ಒಂದೂ ತಪ್ಪಿರಲಿಲ್ಲ. ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು:

“ಅಮ್ಮ, ನೀವು ಹೊಡೆದದ್ದು ಅಷ್ಟೂ ತಪ್ಪು. ಬಂದದ್ದು ಅಷ್ಟೂ ಸರಿ. ನಾನು ಯಾವುದಕ್ಕೆ ಅಂಕ ಕೊಡಲಿ?”

೬. ನಕಲು

ಕಾಗದಕ್ಕೇ ಕೊಟ್ಟರು. ವಾಯಿದೆಗೆ ಐದು ದಿನ ಇರುವಾಗ ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಟೈಪಿಂಗ್ ಬರುತ್ತದೆ ಅಂತ ಹೇಳುವ ಆ ಕಾಗದದಲ್ಲಿ ನನ್ನ ಹೆಸರು, ದರ್ಜೆ ಎಲ್ಲವೂ ಕೈಬರಹ. ಹಿಡಿದುಕೊಂಡು ಕಚೇರಿಯ ಹೆಡ್ ಗುಮಾಸ್ತರ ಹತ್ತಿರ ಹೋದೆ.

“ಸಂತೋಷ. ಇದರ ಟೈಪಾದ ನಕಲು ಕೊಡಿ, ರಿಜಿಸ್ಟರಿಗೆ ಏರಿಸ್ತೀನಿ” ಅಂದರು.

“ಈಗಲೇ ಹೊಡಕೊಂಡು ಬರ್ತೀನಿ.”

“ನೀವು ಹೊಡೆಯೋ ಹಾಗಿಲ್ಲ. ಸರ್ಟಿಫಿಕೇಟು ಇರೋರೇ ಹೊಡೀಬೇಕು. ಗೋಡೆ ನೋಡಿ.”

“ನನಗ ಐತಲ್ರೀ, ನಿಮ್ಮ ಕೈಯಾಗ.”

“ರಿಜಿಸ್ಟರಿಗೆ ಏರಿದ ಮೇಲೆ ಇದೆ. ನಕಲು ಬಂದ ಮೇಲೆ ಏರುತ್ತೆ.”

ಇಂಗ್ಲಿಷ್ ಯಜಮಾನರ ಸರ್ಟಿಫಿಕೇಟು ಇಂಗ್ಲಿಷಿಗಷ್ಟೇ, ಕನ್ನಡದ ಕಾಗದಕ್ಕೆ ಅದು ನಡೆಯುವುದಿಲ್ಲ ಅಂದರು. ನಾಲ್ಕು ದಿನ ಅದೇ ಕಿಟಕಿ, ಅದೇ ಮಾತು. ಐದನೆಯ ದಿನ ಬಾಗಿಲು ತಳ್ಳಿಕೊಂಡು ಸೀದಾ ಅಮಲ್ದಾರರ ಮುಂದೆ ನಿಂತೆ.

“ಸಾಹೇಬ್ರ, ನಿಮ್ಮ ಹುಕುಂ ನಿಮಗೂ ಅನ್ವಯ ಆಗ್ತದೇನ್ರೀ?”

“ನನಗೆ ಯಾಕಮ್ಮ ಆಗುತ್ತೆ? ಅದು ಜಗಲಿಗೆ.”

“ಹಂಗಾದ್ರ ಈ ನಕಲು ನೀವೇ ಹೊಡಕೊಡ್ರಿ. ಈ ಊರಾಗ ಇದನ್ನ ಹೊಡಿಯೋ ಹಕ್ಕು ಇರೋರು ನೀವೊಬ್ರೇ.”

ಅವರು ಹೆಡ್ ಗುಮಾಸ್ತರ ಮುಖ ನೋಡಿದರು. ಹೆಡ್ ಗುಮಾಸ್ತರು ಹೌದು ಅಂತ ತಲೆಯಾಡಿಸಿದರು. ಅಮಲ್ದಾರರಿಗೂ ಹಟ ಇತ್ತು. “ನಡೀರಿ” ಅಂದರು. ಜಗಲಿಗೆ ಬಂದು, ಕೋಟು ಬಿಚ್ಚಿ ಕಂಬಕ್ಕೆ ಹಾಕಿ, ತೋಳು ಮಡಿಸಿ ನನ್ನ ಮಣೆಯ ಮೇಲೆ ಕೂತರು. ನಾನು ಹಿಂದೆ ನಿಂತು, ಯಾವ ಅಕ್ಷರಕ್ಕೆ ಯಾವ ಗುಂಡಿ ಅಂತ ಹೇಳುತ್ತಾ ಹೋದೆ. ಒಂದು ಬೆರಳಲ್ಲಿ ಕುಟ್ಟುತ್ತಾ ಹೋದರು. ನನ್ನ ಹೆಸರು ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಅಪ್ಪನ ಹೆಸರು ಇನ್ನೂ ಬಾಕಿ.

ಆಗ ಹಳ್ಳಿಯಿಂದ ಒಬ್ಬ ಅಜ್ಜಿ ಬಂದು, ಮುಂದೆ ಕೂತು, ಬಗ್ಗಿ ಅವರ ಬೆರಳನ್ನೇ ನೋಡತೊಡಗಿದಳು.

“ಒಸಬನೇನಪ್ಪ? ಒಂದೊಂದೇ ಕುಟ್ಟೀಯಲ್ಲ.”

ಅಮಲ್ದಾರರು ಅಕ್ಷರ ತಪ್ಪೀತು ಅಂತ ಬಗ್ಗಿಕೊಂಡೇ ಮುಂದಿನ ಗುಂಡಿ ಹುಡುಕಿದರು.

“ಸರ್ಟಿಪಿಕೇಟು ಅದಾ?”

ಅವರು ತಲೆಯೆತ್ತಿದರು. “ಇಲ್ಲ ಅಜ್ಜಿ.”

“ಅಯ್ಯೋ ಮಗನೆ, ಅಂಗಾರೆ ಬ್ಯಾಗ ಎದ್ದೋಗು. ಅಮಲ್ದಾರ ಅಂತ ಒಬ್ಬ ಬಂದವ್ನಂತೆ ಇಲ್ಲಿ. ಸರ್ಟಿಪಿಕೇಟು ಇಲ್ದೋರ ಕಂಡ್ರೆ ಮಿಸನ್ ಸಮೇತ ಬೀದಿಗಾಕ್ತಾನಂತೆ.”

ಇಂಗ್ಲಿಷ್ ಯಜಮಾನರು ಕಂಬದ ಹಿಂದೆ ಹೋದರು. ಅಮಲ್ದಾರರು ಅರ್ಧಕ್ಕೆ ನಿಂತಿದ್ದ ಕಾಗದವನ್ನು ಮಿಷನ್ನಿನಿಂದ ತೆಗೆದು, ಉಳಿದದ್ದನ್ನು ಪೆನ್ನಿನಲ್ಲೇ ಬರೆದು, ಕೆಳಗೆ ಸಹಿ ಹಾಕಿ ಹೆಡ್ ಗುಮಾಸ್ತರ ಕೈಗೆ ಕೊಟ್ಟು, “ರಿಜಿಸ್ಟರಿಗೆ ಏರಿಸಿ” ಅಂದರು. ಹೋಗುತ್ತಾ ಗೋಡೆಯ ಹುಕುಮನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡರು. ನಾನು ನನ್ನ ಮಣೆಯ ಮೇಲೆ ಕೂತೆ.

ಅಜ್ಜಿ ಅವರು ಹೋದ ದಿಕ್ಕನ್ನೇ ನೋಡಿ, ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದಳು:

“ಒಳ್ಳೆ ಉಡುಗ ಕಣಮ್ಮಿ, ಯೇಳಿದ್ ತಕ್ಷಣ ಎದ್ದೋದ. ನಿಂಗೊತ್ತಿರೋದ ಅವನ್ಗೂ ಒಸಿ ಯೇಳ್ಕೊಡು. ಒಂದು ಸರ್ಟಿಪಿಕೇಟು ತಕ್ಕೊಂಡ್ರೆ ಎಲ್ಲಾದ್ರೂ ಒಂದು ಜಗಲಿ ಇಡ್ಕೊಂಡು ಬದುಕ್ಕೋತಾನೆ.”